ಅರ್ಧ ಊದಿದ ಉಸಿರು

ಬೆಡ್‌ಶೀಟಿನ ಎರಡು ಮೂಲೆ ಅವಳ ಕೈಯಲ್ಲಿದ್ದವು, ಉಳಿದೆರಡು ಎದುರಿಗಿದ್ದ ರೇಡಿಯೋ ಕೈಯಲ್ಲಿ. ಜಗ್ಗಿ, ಒದರಿ, ಉದ್ದಕ್ಕೆ ಮಡಚಿ, ಆಮೇಲೆ ಇಬ್ಬರೂ ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಹತ್ತಿರ ಬಂದಾಗಲೆಲ್ಲ ರೇಡಿಯೋ ಒಂದು ಮಾತು ಹೇಳುತ್ತಿದ್ದಳು. ಬಾಯಿಗೆ ಬೀಗವಿಲ್ಲದ್ದರಿಂದಲೇ ಲಾಂಡ್ರಿಯವರೆಲ್ಲ ಅವಳಿಗೆ ಆ ಹೆಸರಿಟ್ಟಿದ್ದರು. ಒಗೆಯುವ ಯಂತ್ರಗಳ ಸದ್ದು ನೆಲದಿಂದ ಹಿಮ್ಮಡಿಗೆ ಹತ್ತುತ್ತಿತ್ತು. ಬ್ಲೀಚಿನ ವಾಸನೆ ಮೂಗಿಗೆ ತಿಳಿಯುವ ಮೊದಲೇ ಗಂಟಲ ಹಿಂಭಾಗಕ್ಕೆ ಬಂದು ಕೂತಿರುತ್ತಿತ್ತು. ಬೇರೆ ದಿನವಾಗಿದ್ದರೆ ಕೆಲಸಕ್ಕೆ ಇಳಿಯುವ ಮೊದಲು ಮೆಟ್ಟಿಲ ಕೆಳಗೆ ಗೋಡೆಗೆ ಮುಖ ಮಾಡಿ ನಿಂತು, ಯಾರೂ ನೋಡದ ಹಾಗೆ ಉಬ್ಬಸದ ನೀಲಿ ಪಂಪನ್ನು ಬಾಯಿಗಿಟ್ಟು ಎಳೆದುಕೊಂಡು ಬರುತ್ತಿದ್ದಳು. ಇವತ್ತು ಎಳೆಯುವ ಹಾಗಿರಲಿಲ್ಲ. ಮಧ್ಯಾಹ್ನ ಆಸ್ಪತ್ರೆಯ ಸಂಶೋಧನೆಗಾಗಿ ಉಸಿರಿನ ಪರೀಕ್ಷೆ, ಬೆಳಗಿನಿಂದ ಪಂಪು ಮುಟ್ಟಬೇಡಿ ಎಂದಿದ್ದರು. ಮುಟ್ಟುವುದಿಲ್ಲ ಎಂದುಕೊಂಡೇ ಅದು ಜೇಬಿನಲ್ಲಿ ಇದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಏನು, ಇವತ್ತು ಉಸಿರೇ ಎತ್ತುತ್ತಿಲ್ಲ?" ಎಂದಳು ರೇಡಿಯೋ, ಮೂಲೆ ಕೊಡುತ್ತಾ.

"ಉಳಿಸಿಕೊಳ್ತಾ ಇದೀನಿ. ಮಧ್ಯಾಹ್ನ ಊದಬೇಕು."

"ಮತ್ತೆ? ಎರಡು ಸಲ ಊದಿ ಬಂದೆಯಲ್ಲೇ. ಅವರೇನು ಬಲೂನ್ ಅಂಗಡಿ ಇಟ್ಟಿದ್ದಾರಾ?"

"ಎರಡನೇ ಸಲದ್ದು ಸರಿಯಾಗಿ ಬರಲಿಲ್ಲವಂತೆ."

"ನಿನ್ನ ತಪ್ಪೋ, ಮೆಷಿನ್ನಿನ ತಪ್ಪೋ?"

ಅವಳು ಮುಂದಿನ ಶೀಟು ಎತ್ತಿಕೊಂಡಳು. ಇಬ್ಬರೂ ಹಿಂದೆ ಸರಿದರು. ಬಿಳಿ ಬಟ್ಟೆ ನಡುವೆ ಬಿಗಿಯಾಗಿ ನಿಂತಿತು.

ಮೆಷಿನ್ನಿನ ತಪ್ಪಾಗಿರಲಿಲ್ಲ. ಗಾಜಿನ ಕೋಣೆಯ ಆ ಕುರ್ಚಿಯಲ್ಲಿ ಮೂಗಿಗೆ ಕ್ಲಿಪ್ಪು ಹಾಕಿಸಿಕೊಂಡು ಕೂತಾಗ ಮನುಷ್ಯನಿಗೆ ಮಾನವೇ ಇರುವುದಿಲ್ಲ. ತುಟಿಯಿಂದ ಜೊಲ್ಲು ಇಳಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಪಕ್ಕದಲ್ಲಿ ನಿಂತ ಹುಡುಗಿ ಓಟದ ಪಂದ್ಯ ನೋಡುವವಳ ಹಾಗೆ "ಊದಿ, ಊದಿ, ಊದಿ, ಇನ್ನೂ, ಇನ್ನೂ, ಬಿಡಬೇಡಿ" ಎಂದು ಕೂಗುತ್ತಾಳೆ. ಮನಸ್ಸಿನಲ್ಲಿ ಇವಳು ಅವಳಿಗೆ ಇಟ್ಟ ಹೆಸರು ಊದುಹುಡುಗಿ. ಮೊದಲು ಮುಖವಾಡದಿಂದ ಒಂದಷ್ಟು ಹೊತ್ತು ಗಾಳಿ ಎಳೆಯಬೇಕು. ಒಂದು ದಿನ ಸಾದಾ ಗಾಳಿ, ಇನ್ನೊಂದು ದಿನ ಆಮ್ಲಜನಕ. ಸಿಲಿಂಡರಿಗೆ ಬಟ್ಟೆ ಹೊದಿಸಿರುತ್ತಾರೆ, ಯಾವತ್ತು ಯಾವುದು ಎಂದು ಊದುಹುಡುಗಿಗೂ ಗೊತ್ತಿಲ್ಲ. ಆಮೇಲೆ ಶ್ವಾಸನಾಳವನ್ನು ಕೆಣಕುವ ಮಂಜಿನಂಥ ಔಷಧಿ, ಮೊದಲು ಚೂರು, ಆಮೇಲೆ ಅದರ ಎರಡರಷ್ಟು, ಆಮೇಲೆ ಅದರ ಎರಡರಷ್ಟು. ಪ್ರತಿ ಸಲವೂ ಊದಬೇಕು. ಊದಿದ ಉಸಿರಿನಲ್ಲಿ ಐದನೇ ಒಂದು ಪಾಲು ಕುಗ್ಗಿದರೆ ಅಲ್ಲಿಗೆ ನಿಲ್ಲಿಸಿ ಪಂಪು ಕೊಡುತ್ತಾರೆ. ಬೇಗ ಕುಗ್ಗಿದರೆ ಎದೆಗೆ ಮುಂಗೋಪ ಹೆಚ್ಚು, ತಡವಾಗಿ ಕುಗ್ಗಿದರೆ ಕಡಿಮೆ. ಮೊದಲನೆಯ ದಿನ ಗಾಳಿ ನಾಲಿಗೆಗೆ ತಣ್ಣಗೆ, ಒಣಗಿದ ಹಾಗೆ ತಗುಲಿತು. ಎದೆಯೂ ತುಂಬ ಹೊತ್ತು ತಡೆಯಿತು. ಇದೇ ಆಮ್ಲಜನಕ, ಸಂಶಯವೇ ಇಲ್ಲ ಎಂದುಕೊಂಡಳು. ಹಾಗಾದರೆ ಎರಡನೆಯ ದಿನದ್ದು ಸಾದಾ ಗಾಳಿ. ಆ ಎರಡನೆಯ ದಿನ ಊದುಹುಡುಗಿ ಇನ್ನೂ, ಇನ್ನೂ ಎನ್ನುತ್ತಿದ್ದಾಗ ಅವಳು ಎದೆಯ ತಳದಲ್ಲಿ ಇನ್ನೂ ಉಳಿದಿದ್ದ ಉಸಿರನ್ನು ಅಲ್ಲಿಯೇ ಹಿಡಿದುಕೊಂಡು, ಮುಗಿಯಿತು ಎಂಬಂತೆ ತಲೆ ಅಲ್ಲಾಡಿಸಿದ್ದಳು. ಆಮ್ಲಜನಕ ಗೆಲ್ಲಬೇಕಾಗಿತ್ತು. ಅಕ್ಕನಿಗಾಗಿ ಗೆಲ್ಲಬೇಕಾಗಿತ್ತು.

ಅಕ್ಕನ ಕಾಗದ ಬಂದು ಎಷ್ಟೋ ದಿನವಾಗಿತ್ತು. ಫೋನು ಮಗನ ಕೈಯಲ್ಲೇ ಇರುತ್ತದೆ, ಸ್ಪೀಕರ್ ಹಾಕಿಯೇ ಕೊಡುತ್ತಾನೆ, ಮೇಲಾಗಿ ಎರಡು ಮಾತಿಗೆ ಉಸಿರು ಮುಗಿಯುತ್ತದೆ. ಅದಕ್ಕೇ ಅಕ್ಕ ಬರೆಯುವುದು. ಅಕ್ಷರಗಳು ಮೊದಲಿನ ಹಾಗೇ ದುಂಡಗಿದ್ದವು, ಸಾಲು ಮಾತ್ರ ಎರಡೆರಡು ಪದಕ್ಕೆ ನಿಂತು ನಿಂತು ಹೊರಟಿತ್ತು. ಮನೆಯಲ್ಲಿ ಇಟ್ಟಿರುವ ಆಮ್ಲಜನಕದ ಯಂತ್ರ ಡಗಡಗ ಸದ್ದು ಮಾಡುತ್ತದೆ ಎಂದು ಮಗನಿಗೆ ತಲೆನೋವು. ಮಧ್ಯಾಹ್ನ ಆರಿಸುತ್ತಾನೆ. ವಾಪಸ್ ಕಳಿಸಿಬಿಡೋಣ ಎನ್ನುತ್ತಾನೆ. ನೀನು ಅಲ್ಲಿ ಆ ಪರೀಕ್ಷೆಯಲ್ಲಿ ಇದ್ದೀಯಂತಲ್ಲ, ನಿನ್ನ ಮಾತಾದರೆ ಕೇಳುತ್ತಾನೆ, ಏನು ಹೇಳುತ್ತಾರೆ ತಿಳಿದು ಬರಿ. ಇಷ್ಟೇ. ಮಗನೂ ಅದೇ ವಾರ ಫೋನು ಮಾಡಿದ್ದ. "ಚಿಕ್ಕಮ್ಮ, ನಾನೇನು ರಾಕ್ಷಸನಲ್ಲ. ಆಮ್ಲಜನಕದಿಂದ ಉಬ್ಬಸಕ್ಕೆ ಉಪಯೋಗ ಇದೆ ಅಂತ ನಿಮ್ಮ ಪರೀಕ್ಷೇಲಿ ಬಂದ್ರೆ ಮೆಷಿನ್ನು ಇರಲಿ. ಇಲ್ಲಾಂದ್ರೆ ಯಾಕೆ? ಮಕ್ಕಳು ಓದೋ ಹಾಗಿಲ್ಲ, ಟೀವಿ ಕೇಳೋ ಹಾಗಿಲ್ಲ. ಅಮ್ಮಂದು ಅರ್ಧ ನಾಟಕ, ನಿಮಗೆ ಗೊತ್ತಲ್ಲ." ಅವಳು "ನೋಡೋಣ, ತಿಳ್ಕೊಂಡು ಬರೀತೀನಿ" ಎಂದಿದ್ದಳು. ನಿಮಗೆ ಗೊತ್ತಲ್ಲ ಎಂಬ ಆ ಒಂದು ಮಾತು ಕಿವಿಯೊಳಗೆ ಹೊಕ್ಕ ನೀರಿನ ಹಾಗೆ ಅಲ್ಲಿಯೇ ಉಳಿದುಬಿಟ್ಟಿತ್ತು. ಎಷ್ಟು ಸಲ ತಲೆ ಒದರಿದರೂ ಹೋಗಲಿಲ್ಲ.

"ಮೇಲ್ವಿಚಾರಕ ಕೇಳಿದರೆ ಹಲ್ಲುನೋವು ಅಂತೀನಿ," ಎಂದಳು ರೇಡಿಯೋ, ಇವಳು ಏಪ್ರನ್ ಬಿಚ್ಚುವಾಗ. "ದಮ್ಮು ಅಂದರೆ ನಾಳೆಯಿಂದ ಬರಬೇಡ ಅಂತಾನೆ. ಮುಖ ಯಾಕೆ ಹಂಗಿದೆ? ನೀರು ಕುಡಿದು ಹೋಗು."

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮುಂದೆ ನಿಂತವನ ಕತ್ತಿಗೆ ಹಾಕಿದ ಸುಗಂಧ ಒಂದೊಂದು ಬ್ರೇಕಿಗೂ ಹತ್ತಿರ ಬರುತ್ತಿತ್ತು. ಮುಖ ತಿರುಗಿಸಿದರೆ ಅವನು ಏನೆಂದುಕೊಂಡಾನೋ ಎಂದು ತಿರುಗಿಸದೆ, ಮೂಗಿನಿಂದ ಸಣ್ಣಸಣ್ಣಗೆ ಎಳೆದುಕೊಳ್ಳುತ್ತ, ಹೊರಗೆ ಕೊಡೆ ಅಂಗಡಿ, ಚಪ್ಪಲಿ ಅಂಗಡಿ, ಮುಚ್ಚಿದ ಬ್ಯಾಂಕು, ಮತ್ತೆ ಚಪ್ಪಲಿ ಅಂಗಡಿ ನೋಡುತ್ತ ನಿಂತಳು. ಆಸ್ಪತ್ರೆಯಲ್ಲಿ ಲಿಫ್ಟಿನ ಮುಂದೆ ಸ್ಟ್ರೆಚರಿನವರು ಕಾಯುತ್ತಿದ್ದರು. ನಾನು ನಡೆಯಬಲ್ಲೆ ಎಂದು ಯಾರೂ ಕೇಳದೆಯೇ ಯಾರಿಗೋ ಹೇಳುವವಳ ಹಾಗೆ ಮೆಟ್ಟಿಲು ಹತ್ತತೊಡಗಿದಳು. ಎರಡನೆಯ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ನಿಲ್ಲಬೇಕಾಯಿತು. ಎದೆಯೊಳಗೆ ಎಲ್ಲೋ ದೂರದಲ್ಲಿ ಬಾಗಿಲ ಕೀಲು ಕುಯ್ ಎಂದಿತು. ಹಿಂದೊಮ್ಮೆ ಊರಿನ ಮನೆಯ ಮೆಟ್ಟಿಲ ಮೇಲೆ ಅಕ್ಕನೂ ಹೀಗೇ ನಿಂತಿದ್ದಳು, ಎಡಗೈಯಲ್ಲಿ ಕಂಬಿ, ಬಲಗೈ ಸೊಂಟದ ಮೇಲೆ, ಭುಜ ಎರಡೂ ಕಿವಿಯ ಹತ್ತಿರಕ್ಕೆ ಏರಿ. ಕೆಳಗೆ ಅಡುಗೆಮನೆಯಲ್ಲಿ ನೆಂಟರು ಉಂಡ ಪಾತ್ರೆಗಳ ರಾಶಿ. ಆಗ ಇವಳಿಗೆ ಎರಡೆರಡು ಮೆಟ್ಟಿಲು ಹಾರುವ ವಯಸ್ಸು, ಕೈ ಬಳೆಯವರೆಗೂ ಸೋಪಿನ ನೊರೆ, ಮೈಯೆಲ್ಲ ಸಿಟ್ಟು. "ಅಮ್ಮಂಗೆ ಏನಾಯ್ತು ಚಿಕ್ಕಮ್ಮ?" ಎಂದು ಅಕ್ಕನ ಮಗ ಲಂಗ ಜಗ್ಗಿ ಕೇಳಿದ್ದ; ಸೊಂಟಕ್ಕೂ ಬರುತ್ತಿರಲಿಲ್ಲ ಅವನು. "ಏನೂ ಆಗಿಲ್ಲ ಕಣೋ. ಪಾತ್ರೆ ತೊಳೆಯೋ ಹೊತ್ತಿಗೆ ನಿಮ್ಮಮ್ಮಂಗೆ ಇದು ಬರುತ್ತೆ. ನಾಟಕ." ಹುಡುಗ ಆ ಪದವನ್ನು ಹೊಸ ಆಟಿಕೆಯ ಹಾಗೆ ಬಾಯಲ್ಲಿ ಹಿಡಿದುಕೊಂಡ. ಭುಜ ಏರಿಸಿ, ಕುಯ್ ಕುಯ್ ಎಂದು ಅಮ್ಮನ ಉಸಿರನ್ನೇ ಮಾಡಿ ತೋರಿಸಿದ. ಎಷ್ಟು ಚೆನ್ನಾಗಿ ಮಾಡಿದನೆಂದರೆ ಇವಳಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಮೇಲಿನಿಂದ ನೋಡಿದಳು. ಮಗನನ್ನಲ್ಲ, ಇವಳನ್ನು. ಆಮೇಲೆ ಎಷ್ಟು ವರ್ಷ ಕಳೆದರೂ, ಲಾಂಡ್ರಿಗೆ ಸೇರಿ ಇವಳಿಗೂ ಅದೇ ಉಬ್ಬಸ ಬಂದು ಮೊದಲನೆಯ ಸಲ ಫೋನಿನಲ್ಲಿ ಅತ್ತಾಗಲೂ, ಅಕ್ಕ ಆ ಮೆಟ್ಟಿಲ ವಿಷಯವಾಗಿ ಉಸಿರೆತ್ತಲಿಲ್ಲ. "ಬೆನ್ನಿಗೆ ದಿಂಬು ಕೊಟ್ಟು ಕೂತ್ಕೋ, ಮಲಗಬೇಡ," ಎಂದಿದ್ದಳು ಅಷ್ಟೇ.

"ಅಮ್ಮಾ, ದಾರಿ ಬಿಡಿ," ಎಂದು ಬಕೆಟು ಹಿಡಿದ ಆಯಾ ಪಕ್ಕದಲ್ಲಿ ಇಳಿದುಹೋದಳು. ಅವಳು ಕಂಬಿಯಿಂದ ಕೈ ತೆಗೆದು, ಏನೂ ಆಗದವಳ ಹಾಗೆ ಹತ್ತಿದಳು.

"ಬಂದ್ರಾ? ಬನ್ನಿ ಬನ್ನಿ," ಎಂದಳು ಊದುಹುಡುಗಿ. "ಹೋದ ಸಲ ನೀವು ಊದಿದ್ದಕ್ಕೆ ಮೆಷಿನ್ನು ಬರೆದ ಗೆರೆ ನೋಡಿ ಡಾಕ್ಟರಮ್ಮ ನನಗೇ ಬೈದ್ರು. ಗುಡ್ಡದ ಹಾಗೆ ಚೂಪಾಗಿ ಏರಿ ನಿಧಾನಕ್ಕೆ ಇಳೀಬೇಕು. ನಿಮ್ಮದು ಬೋಳುತಲೆ ಥರ ಬಂದಿದೆ. ಸುಸ್ತಾಗಿತ್ತಾ?"

"ಇರಬೇಕು."

"ಇವತ್ತು ದಮ್ಮು ತೋರಿಸಿ."

ಹುಡುಗಿ ನಕ್ಕಳು, ಅವಳೂ ನಕ್ಕಳು. ವಿಚಿತ್ರ ಮಾತು ಅದು. ದಮ್ಮು ಇದೆ ಎಂದರೆ ಕಾಯಿಲೆ, ದಮ್ಮು ಇದೆ ಎಂದರೆ ಎದೆಗಾರಿಕೆ. ಅಪ್ಪ ಅಕ್ಕನನ್ನು ಕುರಿತು ಒಂದೇ ಬಾಯಲ್ಲಿ ಎರಡನ್ನೂ ಹೇಳುತ್ತಿದ್ದ: ದಮ್ಮಿನವಳು, ದಮ್ಮಿಲ್ಲದವಳು. ಕ್ಲಿಪ್ಪು ಮೂಗನ್ನು ಕಚ್ಚಿತು. ಮುಖವಾಡ ಬಂತು. ಬಟ್ಟೆ ಹೊದ್ದ ಸಿಲಿಂಡರು ಪಕ್ಕದಲ್ಲಿ ಯಾರೋ ಮುಸುಕು ಹಾಕಿಕೊಂಡು ಕೂತ ಹಾಗಿತ್ತು. ತಣ್ಣಗೆ, ಒಣಗಿದ ಗಾಳಿ. ಯಾವುದು ಇದು? ಮೊದಲ ದಿನದಂತೆಯೂ ಇದೆ. ಎರಡನೆಯ ದಿನವೂ ಹೀಗೇ ಇತ್ತಲ್ಲವೇ, ಅಂದು ಅದನ್ನು ಗಮನಿಸಲು ತಾನು ಒಪ್ಪಲಿಲ್ಲವಷ್ಟೇ? ಡಾಕ್ಟರಮ್ಮ ಮೊದಲ ಭೇಟಿಯಲ್ಲಿ ಹೇಳಿದ್ದು ಈಗ ನೆನಪಿಗೆ ಬಂತು. ನೆನಪಿಗೆ ಬಂತು ಎನ್ನುವುದೂ ಸುಳ್ಳು, ಒದ್ದೆ ಬಟ್ಟೆಯ ಹಾಗೆ ಅದನ್ನು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ ಇಟ್ಟಿದ್ದಳು. ಅಕ್ಕನ ವಿಷಯ ಇವಳೇ ಕೇಳಿದ್ದಳು. "ನಿಮ್ಮಕ್ಕಂದು ಬೇರೆ, ಇದು ಬೇರೆ," ಎಂದಿದ್ದರು ಅವರು. "ಅವರಿಗೆ ರಕ್ತದಲ್ಲೇ ಆಮ್ಲಜನಕ ಕಮ್ಮಿ ಬೀಳ್ತಿದೆ, ಅದಕ್ಕೆ ಅವರ ಡಾಕ್ಟರು ಮೆಷಿನ್ನು ಕೊಟ್ಟಿದ್ದಾರೆ. ಅದನ್ನ ಆರಿಸಬಾರದು. ನಾವು ಕೇಳ್ತಿರೋದು ಸಣ್ಣ ಪ್ರಶ್ನೆ. ಆಮ್ಲಜನಕ ಎಳ್ಕೊಳ್ತಾ ಇರುವಾಗ ಕೆಣಕಿದರೆ, ಶ್ವಾಸನಾಳ ಮುದುರಿಕೊಳ್ಳೋದು ಕಮ್ಮಿಯಾಗುತ್ತಾ, ಇಲ್ವಾ? ಇದುವರೆಗೆ ಒಬ್ಬರು ಹೌದು ಅಂದಿದ್ದಾರೆ, ಇನ್ನೊಬ್ಬರು ಏನೂ ವ್ಯತ್ಯಾಸ ಇಲ್ಲ ಅಂದಿದ್ದಾರೆ. ನಮಗೂ ಗೊತ್ತಿಲ್ಲ." ಆ ದಿನವೇ ಮನೆಗೆ ಹೋಗಿ ಬರೆಯಬಹುದಾಗಿತ್ತು. ಆರಿಸಬಾರದಂತೆ ಎಂಬ ಒಂದು ಸಾಲು. ಆದರೆ ಒಂದು ಸಾಲು ಅವಳಿಗೆ ಸಾಲಲಿಲ್ಲ. ಪುರಾವೆ ಬೇಕಾಗಿತ್ತು. ನೋಡು, ನನ್ನ ಎದೆಯಿಂದಲೇ ತೆಗೆದುಕೊಟ್ಟಿದ್ದೇನೆ ಎಂದು ಹುಡುಗನ ಮುಂದೆ ಇಡುವಂಥದ್ದು, ಮೆಟ್ಟಿಲ ಬುಡದ ಆ ಒಂದು ಪದವನ್ನು ತಾನು ಬಾಯಿಬಿಡದೆಯೇ ಅಳಿಸಿಬಿಡುವಂಥದ್ದು. ಅದಕ್ಕಾಗಿ ಕಾದಳು. ಇವಳು ಪುರಾವೆಗೆ ಕಾಯುತ್ತಿದ್ದ ಅಷ್ಟೂ ಮಧ್ಯಾಹ್ನ ಅಲ್ಲಿ ಯಂತ್ರ ಆರಿತ್ತು.

"ಈಗ ಮಂಜು. ಎಳೀರಿ. ಹಿಡ್ಕೊಳ್ಳಿ. ಊದಿ!"

ಪೂರ್ತಿ ಊದಿದಳು. ಇವತ್ತು ಯಾವ ಗಾಳಿಯಾದರೂ ಸರಿ, ತಳದವರೆಗೂ ಊದುವುದು ಎಂದು ನಿಶ್ಚಯಿಸಿದ್ದಳು. "ಶಭಾಷ್, ಗುಡ್ಡ ಬಂತು!" ಎಂದಳು ಹುಡುಗಿ. ಎರಡನೆಯ ಮಂಜು. ಕೆಮ್ಮು ಬಂತು, ನುಂಗಿದಳು. ಊದಿದಳು. ಮೂರನೆಯದು. ಈಗ ಎದೆಯ ಮಧ್ಯದಲ್ಲಿ ಯಾರೋ ದಾರ ಸೇದಿ ಚೀಲದ ಬಾಯಿ ಕಟ್ಟುತ್ತಿದ್ದರು. ಊದಿ ಊದಿ ಊದಿ. ಅರ್ಧ ದಾರಿಯಲ್ಲಿ ಉಸಿರು ನಿಂತಿತು. ನಿಂತಿತೋ, ನಿಲ್ಲಿಸಿದಳೋ? ಹಿಂದಿನ ಸಲ ಹಿಡಿದುಕೊಂಡಿದ್ದ ಜಾಗವೇ ಅದು, ಅದೇ ತಿರುವು, ಅದೇ ತಲೆ ಅಲ್ಲಾಡಿಸುವಿಕೆ. ತಲೆ ಆಗಲೇ ಅಲ್ಲಾಡಿಬಿಟ್ಟಿತ್ತು. ನಾನು ತಡೆಯುತ್ತಿಲ್ಲ ಎಂದುಕೊಂಡಳು. ಹಾಗಾದರೆ ತಡೆಯುತ್ತಿರುವವರು ಯಾರು? ಇನ್ನೊಮ್ಮೆ ಪ್ರಯತ್ನಿಸಿದಳು. ಕಳ್ಳನೂ ಕಾವಲುಗಾರನೂ ಒಂದೇ ಕೋಣೆಯಲ್ಲಿ ಒಂದೇ ಅಂಗಿ ತೊಟ್ಟು ನಿಂತ ಹಾಗಿತ್ತು ಒಳಗೆ, ಯಾರ ಕೈ ಹಿಡಿಯುವುದೆಂದು ತಿಳಿಯದು. ಒಂದು ಸಲ ನಟಿಸಿದ ಎದೆ ಇನ್ನು ನಿಜ ಹೇಳಿದರೂ ಅದರ ಯಜಮಾನಿಯೇ ನಂಬದು. ಅಕ್ಕನಿಗೂ ಹೀಗೇ ಆಗಿರಬಹುದು. ಎಲ್ಲರೂ ನಾಟಕ ನಾಟಕ ಎಂದ ಮೇಲೆ, ಯಂತ್ರ ಆರಿದ ಮಧ್ಯಾಹ್ನ ಕುರ್ಚಿಯಲ್ಲಿ ಕೂತು, ಇದು ನಿಜವಾಗಿ ಕಟ್ಟುತ್ತಿದೆಯೋ ನಾನೇ ಕಟ್ಟಿಕೊಳ್ಳುತ್ತಿದ್ದೇನೋ ಎಂದು ತನ್ನ ಉಸಿರನ್ನೇ ತಾನು ವಿಚಾರಣೆ ಮಾಡಿರಬಹುದು. ಅದು ಹೊಳೆದ ಕ್ಷಣ ಅವಳಿಗೆ ಹೆದರಿಕೆಯಾಯಿತು. ಕೋಣೆಯ ಅಂಚುಗಳು ಸಣ್ಣಗಾದವು. ಬೆರಳಿಗೆ ಸಿಕ್ಕಿಸಿದ ಯಂತ್ರ ಕಿರುಚತೊಡಗಿತು.

"ಸಾಕು, ಸಾಕು, ನಿಲ್ಲಿಸಿದೆ," ಎಂದಳು ಹುಡುಗಿ, ಈಗ ಅವಳ ದನಿಯಲ್ಲಿ ಪಂದ್ಯ ಇರಲಿಲ್ಲ. ಕ್ಲಿಪ್ಪು ಬಿತ್ತು. ಪಂಪು ಬಾಯಿಗೆ ಬಂತು. "ನಿಧಾನಕ್ಕೆ. ನನ್ನ ಮುಖ ನೋಡಿ. ಎಳೀರಿ. ಹಿಡ್ಕೊಳ್ಳಿ. ಇನ್ನೊಂದು ಸಲ. ಬೆಳಗ್ಗೆ ಕೆಲಸಕ್ಕೆ ಹೋಗಿದ್ರಾ? ಬ್ಲೀಚಿನ ಹತ್ತಿರ ಹೋಗಬೇಡಿ ಅಂದಿದ್ದೆ ತಾನೆ?"

ಅವಳು ಹೌದೆಂದು ತಲೆಯಾಡಿಸಿದಳು. ಬೆನ್ನು ಸವರುತ್ತಿದ್ದ ಕೈ ಸಣ್ಣದು, ಬಿಸಿಯಾಗಿತ್ತು. ದಾರ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದರು, ಯಾವಾಗ ಬಂದರೋ. ಮಾತಾಡುವಷ್ಟು ಉಸಿರು ಸಿಕ್ಕಿದ ಕೂಡಲೇ, ಅದು ಮತ್ತೆ ಕೈತಪ್ಪಿ ಹೋಗುವ ಮೊದಲು, ಅವಳು ಹೇಳಿದಳು.

"ಹೋದ ಸಲ ನಾನು ಬೇಕಂತಲೇ ಅರ್ಧ ಊದಿದೆ."

"ಯಾಕೆ?"

"ಮೊದಲನೇ ದಿನದ ಗಾಳಿ ತಣ್ಣಗೆ, ಒಣಗಿದ ಹಾಗಿತ್ತು. ಹಾಗಾದ್ರೆ ಹೋದ ಸಲದ್ದು ಸಾದಾ ಗಾಳಿ ಅಂತ ಗೊತ್ತಾಯ್ತು. ಆಮ್ಲಜನಕವೇ ಒಳ್ಳೇದು ಅಂತ ಬರಲಿ ಅಂದ್ಕೊಂಡೆ."

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಬೈಯುವುದಾದರೆ ನಿಂತೇ ಬೈಯಬಹುದಿತ್ತು, ಕೂತದ್ದು ಇನ್ನೂ ಕಷ್ಟವಾಯಿತು. "ಹಾಗಾದರೆ ನಿಮ್ಮನ್ನ ಇದರಿಂದ ಬಿಡಬೇಕಾಗುತ್ತೆ," ಎಂದರು. "ಇವತ್ತಿಂದೂ ಬ್ಲೀಚಿಂದ ಕೆಟ್ಟಿದೆ. ನಿಮ್ಮ ಯಾವ ಗೆರೆಯನ್ನೂ ನಾವು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಹೇಳಿದ್ದು ಒಳ್ಳೇದಾಯ್ತು."

"ತಪ್ಪಾಯ್ತು."

"ಬಿಟ್ಟ ಮೇಲೆ ಯಾವತ್ತು ಯಾವ ಗಾಳಿ ಅಂತ ತಿಳಿಸಬಹುದು, ನೋಡೋಣ ಇರಿ." ಪಕ್ಕದ ಕೋಣೆಗೆ ಹೋಗಿ ಬಂದರು. ಮುಖದಲ್ಲಿ ನಗು ತಡೆದುಕೊಂಡ ಗುರುತಿತ್ತು, ಅಥವಾ ಅವಳಿಗೆ ಹಾಗೆ ಕಂಡಿತು. "ಮೊದಲನೇ ದಿನ ನಿಮಗೆ ಕೊಟ್ಟಿದ್ದು ಸಾದಾ ಗಾಳಿ. ಸಿಲಿಂಡರಿಂದ ಬರೋದು ಎಲ್ಲಾನೂ ತಣ್ಣಗೆ ಒಣಗಿದ ಹಾಗೇ ಇರುತ್ತೆ. ಎರಡನೇ ದಿನ ಆಮ್ಲಜನಕ."

"ಅಯ್ಯೋ ಅಮ್ಮಾ," ಎಂದಳು ಊದುಹುಡುಗಿ, ಕೈ ಬಾಯಿಗೆ ಹೋಗುವ ಮೊದಲೇ ನಗು ಹೊರಬಿದ್ದಿತ್ತು. "ನೀವು ಯಾರ ಪರವಾಗಿ ವಕಾಲತ್ತು ಮಾಡಿದ್ರೋ ಅವರನ್ನೇ ಜೈಲಿಗೆ ಹಾಕಿಸಿದ್ರಿ."

ಅವಳಿಗೂ ನಗು ಬಂತು. ಬಂದ ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಮುಖ ಮುಚ್ಚಿಕೊಳ್ಳಲು ಕೈಗೆ ಸಿಕ್ಕಿದ್ದು ಟೇಬಲ್ಲಿನ ಪೇಪರ್ ಟವೆಲ್ಲು, ಅದು ಹರಿಯಿತು. ಅಕ್ಕನಿಗೆ ಪುರಾವೆ ತರಲು ಹೋಗಿ, ತಾನು ತಯಾರಿಸಿದ ಪುರಾವೆ ಹೇಳುವುದು ಏನೆಂದರೆ, ಆಮ್ಲಜನಕ ಕೊಟ್ಟ ದಿನವೇ ಎದೆ ಬೇಗ ಕುಗ್ಗಿತು. ಅದು ತಲುಪಿದ್ದರೆ ಆ ಹುಡುಗ ಯಂತ್ರವನ್ನು ಅದೇ ದಿನ ಗಾಡಿಗೆ ಹಾಕಿ ಕಳಿಸುತ್ತಿದ್ದ.

"ಮೇಡಂ," ಎಂದಳು ಕೊನೆಗೆ. "ಅಕ್ಕನ ಮೆಷಿನ್ನು."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೊದಲನೇ ದಿನವೇ ಹೇಳಿದ್ದೆ. ಅವರ ಡಾಕ್ಟರು ನಿಲ್ಲಿಸಿ ಅನ್ನೋವರೆಗೂ ನಿಲ್ಲಿಸಬಾರದು. ಬರೆದು ತಿಳಿಸಿದ್ರಿ ತಾನೆ?"

ಅವಳು ಹರಿದ ಟವೆಲ್ಲನ್ನು ನೋಡುತ್ತ ಕೂತಳು. ಡಾಕ್ಟರಮ್ಮ ಒಂದು ಗಂಟೆ ಕೂತು ಹೋಗಿ ಎಂದು ಹೇಳಿ ಎದ್ದರು.

ಆ ಒಂದು ಗಂಟೆ ಹೊರಗಿನ ಬೆಂಚಿನಲ್ಲಿ ಕಳೆಯಿತು. ಊದುಹುಡುಗಿ ಹಾಳೆಯೊಂದನ್ನು, ಪೆನ್ನೊಂದನ್ನು ಕೊಟ್ಟಿದ್ದಳು, "ನನ್ನ ಪೆನ್ನು, ಮರೆತು ತಗೊಂಡು ಹೋಗಬೇಡಿ" ಎಂದು ಎರಡು ಸಲ ಹೇಳಿ. ಪ್ರೀತಿಯ ಅಕ್ಕನಿಗೆ ಎಂದು ಬರೆದಳು. ಇಲ್ಲಿಯವರೆಗೆ ಎಷ್ಟು ಹಾಳೆಗಳು ಇಲ್ಲಿಗೇ ನಿಂತಿದ್ದವೋ. ಅಕ್ಕನಿಗೆ ಏನು ಹೇಳುವುದು? ಯಂತ್ರ ಬೇಕು ಎಂದು ಅಕ್ಕನಿಗೆ ಗೊತ್ತು. ಉಸಿರು ಕಟ್ಟುವವಳಿಗೆ ಉಸಿರು ಕಟ್ಟುತ್ತದೆ ಎಂದು ಬರೆಯಬೇಕೆ? ಅಕ್ಕನಿಗೆ ಬರೆಯುತ್ತ ಕೂತಷ್ಟು ದಿನವೂ ಕಾಗದ ಮುಗಿಯದಿದ್ದುದಕ್ಕೆ ಕಾರಣ ಈಗ ಆ ಬೆಂಚಿನ ಮೇಲೆ, ಎದುರಿಗೆ ಯಾರದೋ ಮಗು ಬಿಸ್ಕತ್ತು ಪುಡಿ ಮಾಡುತ್ತಿರುವಾಗ, ತೀರ ಸಾಧಾರಣವಾಗಿ ಕಣ್ಣಿಗೆ ಬಿತ್ತು. ಬರೆಯಬೇಕಾದ್ದು ಅಕ್ಕನಿಗಲ್ಲ. ಆ ಸಾಲನ್ನು ಹೊಡೆದು, ಕೆಳಗೆ, ಚಿರಂಜೀವಿ ಮಗನಿಗೆ ಎಂದು ಬರೆದಳು. ಆಮೇಲೆ ಕೈ ನಿಲ್ಲಲಿಲ್ಲ. ಅಮ್ಮನ ಮೆಷಿನ್ನು ಇವತ್ತೇ ಹಾಕು, ಅವರ ಡಾಕ್ಟರು ಹೇಳಿದಷ್ಟು ಹೊತ್ತೂ ಹಾಕಿರು. ಸದ್ದಿಗೆ ಅದನ್ನು ಪಕ್ಕದ ಕೋಣೆಯಲ್ಲಿಟ್ಟು ಕೊಳವೆ ಉದ್ದ ಮಾಡಿಸಬಹುದೇ ಕೇಳು. ನನ್ನ ಪರೀಕ್ಷೆಗೂ ಅದಕ್ಕೂ ಸಂಬಂಧ ಇಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ನನ್ನ ಪರೀಕ್ಷೆಯೂ ಕೆಟ್ಟಿತು, ನಾನೇ ಕೆಡಿಸಿದೆ. ನಿಮ್ಮಮ್ಮಂದು ನಾಟಕ ಅನ್ನೋ ಮಾತು ನಿನ್ನದಲ್ಲ, ನೀನು ಚಿಕ್ಕವನಿದ್ದಾಗ ಮೆಟ್ಟಿಲ ಕೆಳಗೆ ನಾನು ನಿನ್ನ ಬಾಯಿಗೆ ಹಾಕಿದ್ದು. ಅದು ಸುಳ್ಳು. ಪಾತ್ರೆ ತೊಳೆಯುವುದು ನನಗೆ ಬೇಜಾರಾಗಿತ್ತು. ಈ ಕಾಗದವನ್ನು ಅಮ್ಮನ ಮುಂದೆ ಗಟ್ಟಿಯಾಗಿ ಓದು. ಕೆಳಗೆ ನಿನ್ನ ಚಿಕ್ಕಮ್ಮ ಎಂದು ಬರೆದು, ಮತ್ತೆ ಓದಿದರೆ ತಿದ್ದಬೇಕಾಗುತ್ತದೆ ಎಂದು ಓದದೆ ಮಡಚಿದಳು. ಪೆನ್ನು ವಾಪಸು ಕೊಟ್ಟಳು.

ಅಂಚೆ ಕಚೇರಿಯಲ್ಲಿ ಮುಚ್ಚುವ ಹೊತ್ತಿನ ಸಾಲು. ಇನ್ನೂ ಪೂರ್ತಿ ಸಡಿಲವಾಗದ ಎದೆಯ ಮೇಲೆ ಚೀಲವನ್ನು ಅಪ್ಪಿಕೊಂಡು ನಿಂತಳು. ಮುಂದಿದ್ದವರು ಒಬ್ಬೊಬ್ಬರೇ ಕಡಿಮೆಯಾದಂತೆ ಈ ಸಾಲಿನಿಂದ ಆಚೆ ಹೋಗುವುದಕ್ಕೆ ಒಂದೊಂದೇ ನೆಪ ಹೊಳೆಯತೊಡಗಿತು: ನಾಳೆ ಬಂದರಾಗದೇ, ಫೋನು ಮಾಡಿದರಾಗದೇ, ಆ ಕೊನೆಯ ಸಾಲನ್ನಾದರೂ ಮೃದು ಮಾಡಬಾರದೇ. ಹಿಂದಿನವನು "ಮುಂದೆ ಹೋಗಿ ಅಮ್ಮ" ಎಂದ. ಕಿಟಕಿಯಲ್ಲಿ ಕೂತ ಗುಮಾಸ್ತ ಲಕೋಟೆ ತೂಗಿ, ಸ್ಟಾಂಪು ಹಚ್ಚಿ, ಅದರ ಮೇಲೆ ಮೊಹರನ್ನು ಗುದ್ದಿದ.

"ನಾಳಿದ್ದು ಸೇರುತ್ತೆ."

"ಈಗ ಬೇಡ ಅಂದರೆ ವಾಪಸ್ ಕೊಡ್ತೀರಾ?"

ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿದ. "ಮೊಹರು ಬಿದ್ದ ಮೇಲೆ ಅದು ನಿಮ್ಮದಲ್ಲ ತಾಯಿ. ಯಾರ ಹೆಸರಿದೆಯೋ ಅವರದ್ದು. ಯಾಕೆ, ವಾಪಸ್ ಬೇಕಿತ್ತಾ?"

"ಬೇಡ," ಎಂದಳು. "ಅವನದ್ದೇ ಅದು."

ಗುಮಾಸ್ತ ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದು, ಮುಂದಿನವರನ್ನು ಕರೆದ.